ಸಂಜಿ ನಿಂದು, ನಸುಕು ನಂದು

ನನ್ನ ನೆಗೆಣ್ಣಿಗೂ ನನಗೂ ಮೊದಲಿನಿಂದಲೇ ಆಗಿಬರಲಿಲ್ಲ. ನಾನು ಸೊಸೆಯಾಗಿ ಹೊಸ್ತಿಲು ದಾಟಿದ ದಿನ ನನ್ನ ಜೊತೆ ತವರಿನಿಂದ ಒಂದು ಹೊಲಿಗೆ ಮಷಿನ್ನೂ ಬಂದಿತ್ತು. ಅದನ್ನು ಬಂಡಿಯಿಂದ ಇಳಿಸುವಾಗಲೇ ಆಕೆ, ಜೋಳದ ಚೀಲ ಇಡಲು ಜಾಗವಿಲ್ಲ, ಇದನ್ನೆಲ್ಲಿ ಇಡೋದು ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ಮಸ್ಕಿಯ ಒಬ್ಬ ಅಂಗಡಿಕಾರನ ಮಗಳು. ನಾನು ಬರುವ ಹೊತ್ತಿಗೆ ಆ ಮನೆಯ ಒಲೆ, ಕಣಜ, ಅತ್ತೆಯ ಕಿವಿ ಎಲ್ಲ ಆಕೆಯ ಕೈಯಲ್ಲಿದ್ದವು.

ನನ್ನ ತವರು ದಢೇಸುಗೂರಿನ ಹತ್ತಿರ, ಕಾಲುವೆ ನೀರಿನ ಊರು. ಅಲ್ಲಿ ರೈಸ್ ಮಿಲ್ಲಿನ ಸದ್ದು ಕೇಳುತ್ತ, ಬಲ್ಬಿನ ಬೆಳಕಿನಲ್ಲಿ ಉಂಡು ಬೆಳೆದವಳು ನಾನು. ಕೊಟ್ಟದ್ದು ಗುರುಗುಂಟಾದ ಆಚೆ, ಬಸ್ಸಿಳಿದು ಹೊಲಗಳ ನಡುವೆ ನಡೆದು ಮುಟ್ಟಬೇಕಾದ ಒಂದು ದೊಡ್ಡಿಗೆ. ದೊಡ್ಡಿ ಅಂದರೆ ನಮ್ಮ ಕಡೆ ನಾಲ್ಕಾರು ಮನೆ, ಒಂದು ಬಾವಿ, ದನದ ಕೊಟ್ಟಿಗೆ. ಕರೆಂಟಿನ ಕಂಬಗಳು ಗುರುಗುಂಟಾದಲ್ಲೇ ನಿಂತಿದ್ದವು. ಅವು ಇಂದು ಬರುತ್ತವೆ, ನಾಳೆ ಬರುತ್ತವೆ ಎಂದು ಎಂಬತ್ತರ ದಶಕವಿಡೀ ಕೇಳಿ, ಕೊನೆಗೆ ಜನ ಕೇಳುವುದನ್ನೇ ಬಿಟ್ಟಿದ್ದರು.

ಹಗಲು ನನಗೆ ಮಷಿನ್ನಿನ ಮುಂದೆ ಕೂರಲು ಬಿಡುತ್ತಿರಲಿಲ್ಲ. ಹೊಲದ ಕೆಲಸ, ದನದ ಕೆಲಸ, ಬಾವಿಯಿಂದ ನೀರು. ಹೊಲಿಯುವುದಿದ್ದರೆ ದೀಪ ಹಚ್ಚಿದ ಮೇಲೆ. ಸುತ್ತಲಿನ ದೊಡ್ಡಿಗಳ ಹೆಂಗಸರು ಕುಪ್ಪಸದ ಬಟ್ಟೆ ತಂದು ಕೊಡುತ್ತಿದ್ದರು. ಕಂದೀಲನ್ನು ಮಷಿನ್ನಿನ ಪಕ್ಕಕ್ಕೆ ಇಟ್ಟುಕೊಂಡು ಸೂಜಿಗೆ ಬಗ್ಗಿ ಬಗ್ಗಿ ಹೊಲಿಯುತ್ತಿದ್ದೆ. ನೀಲಿ ದಾರ ಯಾವುದು, ಕರಿ ದಾರ ಯಾವುದು ಗೊತ್ತಾಗುತ್ತಿರಲಿಲ್ಲ. ಚಿಮಣಿ ಎಣ್ಣೆ ಬೇಗ ತೀರಿದರೆ ನೆಗೆಣ್ಣಿ ಕ್ಯಾನು ಎತ್ತಿ ಅಲ್ಲಾಡಿಸಿ ಅತ್ತೆಗೆ ತೋರಿಸುತ್ತಿದ್ದಳು.

ಒಂದು ಪಂಚಮಿಗೆ ತವರಿಗೆ ಹೋದಾಗ ಅಪ್ಪ ನನ್ನ ಮುಖ ನೋಡಿ, ಮುಂದಲೆಯ ಕೂದಲು ಯಾಕೆ ಹೀಗೆ ಮುರುಟಿದೆ ಎಂದು ಕೇಳಿದರು. ಕಂದೀಲಿಗೆ ಸುಟ್ಟದ್ದು ಅಂದೆ. ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಟ್ರ್ಯಾಕ್ಟರಿನಲ್ಲಿ ನಮ್ಮ ದೊಡ್ಡಿಗೆ ಬಂದು ಇಳಿದರು. ಜೊತೆಗೆ ಸಿಂಧನೂರಿನ ಒಬ್ಬ ಮೆಕ್ಯಾನಿಕ್, ಗೋಣಿ ಸುತ್ತಿದ ಗಾಜಿನ ತಗಡು, ಒಂದು ದೊಡ್ಡ ಬ್ಯಾಟರಿ, ಗೇಣುದ್ದದ ಟ್ಯೂಬ್‌ಲೈಟು, ಸುರುಳಿ ವಾಯರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸೋಲಾರ್ ಎಂಬ ಮಾತನ್ನು ನಮ್ಮ ದೊಡ್ಡಿಯಲ್ಲಿ ಯಾರೂ ಕೇಳಿರಲಿಲ್ಲ.

ಮೆಕ್ಯಾನಿಕ್ ಮಾಳಿಗೆಯ ಮೇಲೆ ತಿರುಗಾಡಿ, ಪಡಸಾಲೆಯ ಮೇಲಿನ ಜಾಗವೇ ಒಳ್ಳೆಯದು, ಅಲ್ಲಿ ಬೇವಿನ ನೆರಳು ಬೀಳುವುದಿಲ್ಲ ಎಂದು ತಗಡನ್ನು ಅಲ್ಲೇ ಕೂರಿಸಿದ. ಬ್ಯಾಟರಿ ಮತ್ತು ಟ್ಯೂಬು ನನ್ನ ಕೋಣೆಗೆ ಬಂದವು. ಅವನು ಕೆಲಸ ಮುಗಿಸುವವರೆಗೂ ಅತ್ತೆ ಕಟ್ಟೆಯ ಮೇಲೆ ಕೂತು ಅಪ್ಪನನ್ನೇ ನೋಡುತ್ತಿದ್ದರು.

"ನಮ್ಮ ಮನ್ಯಾಗ ಕತ್ತಲ ಐತಂತ ಊರಿಗೆಲ್ಲಾ ಡಂಗುರ ಹೊಡ್ಯಾಕ ಬಂದೀರೇನ್ರೀ ಬೀಗರ?" ಅಂದರು.

"ಹಂಗಲ್ರೀ. ಮಗಳು ಹೊಲೀತಾಳ. ಆಕಿ ಕಣ್ಣಿಗೆ ಬೇಕಾಗಿತ್ತು, ಅಷ್ಟ," ಅಂದರು ಅಪ್ಪ.

"ಕಣ್ಣು ಕಾಣಲಾರದಾಕೀನ ಕೊಡಾಕತ್ತೀವಿ ಅಂತ ಲಗ್ನದಾಗ ಹೇಳಬೇಕಿತ್ತು."

ನೆಗೆಣ್ಣಿ ಚರಿಗೆಯಲ್ಲಿ ನೀರು ತಂದು ಅಪ್ಪನ ಮುಂದೆ ಇಟ್ಟಳು. ಇಟ್ಟ ರಭಸಕ್ಕೆ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಅಪ್ಪ ಚರಿಗೆ ಮುಟ್ಟಲಿಲ್ಲ. ಹೆಗಲ ಮೇಲಿನ ಟವೆಲ್ಲು ಕೊಡವಿ, ಮಷಿನ್ನಿಗೆ ಎಣ್ಣೆ ಬಿಡ್ತಿರು ಎಂದು ನನಗೊಂದು ಮಾತು ಹೇಳಿ ಟ್ರ್ಯಾಕ್ಟರ್ ಹತ್ತಿದರು. ಅದಾದ ಮೇಲೆ ಅವರು ನಮ್ಮ ದೊಡ್ಡಿಗೆ ಯಾವತ್ತೂ ಬರಲಿಲ್ಲ. ನೋಡಬೇಕೆನಿಸಿದರೆ ಸಿಂಧನೂರಿನ ಬಸ್ ಸ್ಟ್ಯಾಂಡಿಗೆ ನನ್ನನ್ನು ಕರೆಸಿಕೊಳ್ಳುತ್ತಿದ್ದರು.

ಹೊತ್ತು ಮುಳುಗಿದ ಮೇಲೆ ಬಿಸಿಲಿನ ದೀಪ ಹೆಂಗೆ ಹತ್ತುತ್ತದೆ ಎಂದು ನೋಡಲು ಆ ಸಂಜೆ ದೊಡ್ಡಿಯ ಜನ ಎಲ್ಲ ನಮ್ಮ ಅಂಗಳಕ್ಕೆ ಬಂದರು. ಬ್ಯಾಟರಿಯಲ್ಲಿ ಹಗಲಿನದು ನೆಲದೊಳಗಿನ ಹಗೇವಿನ ಜೋಳದ ಹಾಗೆ ತುಂಬಿಕೊಂಡಿರುತ್ತದೆ, ತೆಗೆದಷ್ಟೂ ಕಡಿಮೆಯಾಗುತ್ತದೆ ಎಂದು ಮೆಕ್ಯಾನಿಕ್ ನನಗೆ ಹೇಳಿಹೋಗಿದ್ದ. ತೀರಾ ಖಾಲಿ ಮಾಡಿದರೆ ಬ್ಯಾಟರಿ ಸಾಯುತ್ತದೆ, ಕೆಂಪು ದೀಪ ಬಂದರೆ ಬಂದ್ ಮಾಡಬೇಕು ಎಂದೂ ಹೇಳಿದ್ದ. ನಾನು ಸ್ವಿಚ್ ಒತ್ತಿದೆ. ಟ್ಯೂಬು ಎರಡು ಸಲ ಮಿಟುಕಿ ಬೆಳ್ಳಗೆ ಹತ್ತಿತು. ಕಂದೀಲಿನಲ್ಲಿ ಕಾಣದಿದ್ದದ್ದೆಲ್ಲ ಕಂಡಿತು. ತೊಲೆಯ ಮಸಿ, ಮೂಲೆಯ ಜೇಡರ ಬಲೆ, ಗೋಡೆ ಬಿರುಕಿನಲ್ಲಿ ಕೂತಿದ್ದ ಹಲ್ಲಿ. ಜನ ಆಹಾ ಅಂದರು. ಬಾಗಿಲಲ್ಲಿ ನಿಂತಿದ್ದ ನೆಗೆಣ್ಣಿ ಅತ್ತೆಯ ಕಡೆ ತಿರುಗಿ, "ಬೆಳಕು ಬಂತಲ್ಲ, ನಮ್ಮ ಮನಿ ಹೊಲಸೂ ಮಂದಿಗೆ ಕಂಡಂಗಾತು," ಅಂದು ಒಳಗೆ ಹೋದಳು.

ಆಕೆ ಟ್ಯೂಬನ್ನು ಅಡುಗೆಮನೆಗೆ ಹಾಕಬೇಕು ಅಂದಳು. ನಾನು ಆಗುವುದಿಲ್ಲ ಅಂದೆ. ಅಲ್ಲಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ನಾನು ಹಚ್ಚಿಟ್ಟ ಒಲೆಯ ಮೇಲೆ ಆಕೆ ಅಡುಗೆ ಮಾಡುತ್ತಿರಲಿಲ್ಲ, ಆರಿಸಿ ಮತ್ತೆ ಹಚ್ಚುತ್ತಿದ್ದಳು. ನಾನು ಸಾರಿಸಿದ ನೆಲವನ್ನು ಮತ್ತೆ ಸಾರಿಸುತ್ತಿದ್ದಳು. ಆಕೆ ತಂದ ನೀರನ್ನು ನಾನೂ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ನೆಗೆಣ್ಣಿಯ ಗಂಡ, ನನ್ನ ಭಾವ, ಲಿಂಗಸುಗೂರಿನಿಂದ ಒಂದು ಸಣ್ಣ ಬ್ಲ್ಯಾಕ್ ಅಂಡ್ ವೈಟ್ ಟೀವಿ ತಂದರು. ನನ್ನನ್ನಾಗಲಿ ನನ್ನ ಗಂಡನನ್ನಾಗಲಿ ಕೇಳದೆ ಅದನ್ನು ಬ್ಯಾಟರಿಗೆ ಜೋಡಿಸಿದರು. ಸಂಜೆಯಾದರೆ ದೊಡ್ಡಿಯ ಗಂಡಸರೆಲ್ಲ ಪಡಸಾಲೆಯಲ್ಲಿ ಕೂರುತ್ತಿದ್ದರು. ಅವರು ಎದ್ದು ಹೋಗಿ, ನಾನು ಪಾತ್ರೆ ತೊಳೆದು ಮಷಿನ್ನಿನ ಮುಂದೆ ಕೂತರೆ ಟ್ಯೂಬು ಮಂಕಾಗಿ ಕೆಂಪು ದೀಪ ಬರುತ್ತಿತ್ತು. ಮತ್ತೆ ಕಂದೀಲು. ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಆದರೂ ಅಣ್ಣನಿಗೆ ಒಂದೆರಡು ಸಲ ಹೇಳಿನೋಡಿದರು. ಭಾವ ನಕ್ಕು, "ನಿನ್ನ ಹೆಂಡ್ತಿ ತವರಿನ ತಗಡು ಇರಬಹುದಪ. ತಿನ್ನಾಕತ್ತಿದ್ದು ನಮ್ಮ ಮಾಳಿಗಿ ಬಿಸಲು," ಅಂದರು.

ಒಂದು ಸಂಜೆ ಸಿನಿಮಾ ನಡೆದಿತ್ತು. ಮಾರನೆಯ ದಿನ ಒಂದು ಮದುವೆ ಮನೆಗೆ ಕುಪ್ಪಸಗಳನ್ನು ಕೊಡಬೇಕಾಗಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಬ್ಯಾಟರಿಯಿಂದ ಟೀವಿಯ ಕ್ಲಿಪ್ಪು ಕಿತ್ತೆ. ಪಡಸಾಲೆ ಕತ್ತಲಾಯಿತು. ಭಾವ ಎದ್ದು ನನ್ನ ಮೇಲೆ ಕೈ ಎತ್ತಿದರು. ಆ ಕೈಯನ್ನು ನನ್ನ ಗಂಡ ಗಾಳಿಯಲ್ಲೇ ಹಿಡಿದರು. ಅಣ್ಣನ ಎದುರು ನಿಂತು ಮಾತಾಡಿದವರಲ್ಲ ಅವರು. ಆ ದಿನ ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದು ಅಂಗಳಕ್ಕೆ ಬಿದ್ದರು. ಅತ್ತೆ ಬಾಯಿ ಬಡಿದುಕೊಳ್ಳತೊಡಗಿದರು. ಬಿಡಿಸಿದ್ದು ಟೀವಿ ನೋಡಲು ಬಂದಿದ್ದ ಜನ.

ಮರುದಿನ ಎರಡು ಒಲೆಯಾದವು. ಸ್ವಲ್ಪ ದಿನಕ್ಕೆ ಗುರುಗುಂಟಾದಿಂದ ಹಿರಿಯರು ಬಂದು ಹೊಲ, ದನ, ಮನೆ ಎಲ್ಲವನ್ನೂ ಪಾಲು ಮಾಡಿದರು. ಪಡಸಾಲೆ, ಅಡುಗೆಮನೆ, ಅದರ ಮೇಲಿನ ಮಾಳಿಗೆ ಭಾವನಿಗೆ, ಅತ್ತೆಯೂ ಅವರ ಕಡೆಗೇ. ನನ್ನ ಕೋಣೆ, ದನ ಕಟ್ಟುವ ಜಾಗ, ಬೇವಿನ ಗಿಡದ ಕಡೆಯ ಅಂಗಳ ನಮಗೆ. ನಡುವೆ ಗೋಡೆ. ಎಲ್ಲ ಮುಗಿಯಿತು ಅನ್ನುವಾಗ ನಾನು ಸೋಲಾರಿನ ಮಾತೆತ್ತಿದೆ. ಅದು ತವರಿನವರು ಕೊಟ್ಟದ್ದು, ತಗಡು ಇಳಿಸಿಕೊಳ್ಳುತ್ತೇನೆ ಎಂದೆ. ಹಿರಿಯರು ತಲೆಯಾಡಿಸಿದರು. ಆಗ ನೆಗೆಣ್ಣಿ ಬಾಗಿಲ ಹಿಂದಿನಿಂದ ಹೊರಗೆ ಬಂದಳು.

"ಮಾಳಿಗಿ ನಮ್ಮದಂತ ನೀವ ಹೇಳೀರಿ. ಮಾಳಿಗಿ ಮ್ಯಾಲಿಂದೂ ನಮ್ಮದ. ಯಾರು ಹತ್ತಿ ಬರ್ತಾರ ಬರ್ಲಿ, ನೋಡ್ತೀನಿ," ಅಂದಳು. ಹಿರಿಯರೊಬ್ಬರು, ಅದು ಆಕೆಯ ತವರಿನ ವಸ್ತು ತಾಯಿ ಎಂದು ಸಮಾಧಾನ ಹೇಳಲು ಹೋದರು. ಆಕೆ ಅವರ ಮಾತನ್ನು ಅರ್ಧಕ್ಕೇ ತಡೆದಳು. "ಆಕಿಗೆ ತವರೈತಿ, ತಂದಾರ. ನಮ್ಮಪ್ಪ ಮಸ್ಕ್ಯಾಗ ದಿನಾ ಲೈಟಿನ ಬುಡಕ ಕುಂತು ಅಂಗಡಿ ಮಾಡ್ತಾನ. ನಾ ಈ ಮನಿಗೆ ಬಂದಾಗಿಂದ ಕತ್ತಲದಾಗ ರೊಟ್ಟಿ ಬಡದೀನಿ. ಒಂದು ಚಿಮಣಿ ಸೈತ ತಂದುಕೊಟ್ಟಿಲ್ಲ ಅವ."

ಆಗ ನನಗೆ ಆಕೆಯ ಮೇಲೆ ಕನಿಕರ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವರಪ್ಪ ತರದಿದ್ದರೆ ನಮ್ಮಪ್ಪ ಏನು ಮಾಡಬೇಕು ಎಂಬ ಸಿಟ್ಟು ಬಂತು. ಹಿರಿಯರಿಗೆ ಭಾವನನ್ನು ಎದುರು ಹಾಕಿಕೊಳ್ಳುವ ಧೈರ್ಯವಿರಲಿಲ್ಲ. ನೀವು ನೀವೇ ಬಗೆಹರಿಸಿಕೊಳ್ಳಿ ಎಂದು ಚಹಾ ಕುಡಿದು ಎದ್ದರು. ಅವರ ಬೆನ್ನು ಮರೆಯಾಗುವ ಮೊದಲೇ ನೆಗೆಣ್ಣಿ ಕುಡುಗೋಲು ಹಿಡಿದು ಮಾಳಿಗೆ ಹತ್ತಿ ವಾಯರು ಕತ್ತರಿಸಿದಳು. ಕತ್ತರಿಸಿದ ತುದಿ ನನ್ನ ಕೋಣೆಯ ಬೆಳಕಿಂಡಿಯಿಂದ ಹಾವಿನ ಹಾಗೆ ಜಾರಿ ಒಳಗೆ ಬಿತ್ತು.

ಹೀಗೆ ಬಿಸಿಲು ಹಿಡಿಯುವ ತಗಡು ಆಕೆಯ ಕಡೆ, ಅದನ್ನು ರಾತ್ರಿಗೆ ಇಟ್ಟುಕೊಳ್ಳುವ ಬ್ಯಾಟರಿ ನನ್ನ ಕಡೆ ಉಳಿದವು. ಇಬ್ಬರಿಗೂ ದೀಪವಿಲ್ಲ. ಕೇಳುವುದು ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಕೇಳಲಿಲ್ಲ.

ಭಾವ ಟೀವಿಯನ್ನು ತಗಡಿಗೇ ನೇರ ಜೋಡಿಸಿ ನೋಡಿದರು. ಮೋಡ ಅಡ್ಡ ಬಂದಾಗಲೆಲ್ಲ ಅದು ನಿಲ್ಲುತ್ತಿತ್ತು, ಹೊತ್ತು ಇಳಿದರೆ ಪೂರ್ತಿ ಸಾಯುತ್ತಿತ್ತು. ಆಮೇಲೆ ಯಾರದೋ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ತಂದು ಕಟ್ಟಿದರು. ಅದು ಕೆಲವು ದಿನ ಉಸಿರಾಡಿ ನಿಂತಿತು. ಈ ಕಡೆ ನಾನು ನನ್ನ ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ ಕೊಟ್ಟರೆ ನನ್ನ ಗಂಡ ಸೈಕಲ್ಲಿನ ಮೇಲೆ ಗುರುಗುಂಟಾದ ತನಕ ಒಯ್ಯುತ್ತಿದ್ದರು. ಅಲ್ಲಿಂದ ಇಬ್ಬರೂ ಬಸ್ಸಿನಲ್ಲಿ ಲಿಂಗಸುಗೂರಿಗೆ ಒಯ್ದು ಚಾರ್ಜ್ ಮಾಡಿಸಿ ತರುತ್ತಿದ್ದೆವು. ಕಂಡಕ್ಟರುಗಳು ಹತ್ತಿಸಿಕೊಳ್ಳಲು ತಕರಾರು ಮಾಡುತ್ತಿದ್ದರು. ಒಂದು ಸಲ ಬ್ರೇಕು ಹಾಕಿದಾಗ ಆ್ಯಸಿಡ್ ಚೆಲ್ಲಿ ನನ್ನ ಸೀರೆಗೆ ಸಿಡಿಯಿತು. ಮನೆ ಮುಟ್ಟುವಷ್ಟರಲ್ಲಿ ನೆರಿಗೆಯೆಲ್ಲ ತೂತು ಬಿದ್ದಿತ್ತು. ನೆಗೆಣ್ಣಿ ಬಾವಿಯ ಕಟ್ಟೆಯಲ್ಲಿ ಆ ಸೀರೆ ನೋಡಿ, ಪಕ್ಕದಾಕೆಗೆ, "ಲಿಂಗಸುಗೂರಾಗ ಹೊಸಾ ನಮೂನಿ ಜರತಾರಿ ಬಂದೈತೇನ ಬೇ?" ಅಂದಳು. ಬಾವಿಯ ಮೇಲಿದ್ದವರೆಲ್ಲ ನಕ್ಕರು.

ಆಕೆ ಅಷ್ಟಕ್ಕೇ ಬಿಡಲಿಲ್ಲ. ನಾನು ಅಂಗಳ ಗುಡಿಸಲು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಮಾಳಿಗೆ ಹತ್ತಿ ಹೊದೆಯುವ ಒದ್ದೆ ಕೌದಿ ತಂದು ತಗಡಿನ ಮೇಲೆ ಹರವುತ್ತಿದ್ದಳು. ಇಡೀ ಮಾಳಿಗೆ ಖಾಲಿ ಇದ್ದರೂ ಕೌದಿ ಅಲ್ಲೇ ಒಣಗಬೇಕು. ಕೌದಿಯಿಂದ ನೀರು ತೊಟ್ಟಿಕ್ಕುವುದನ್ನು ನಾನು ಪೊರಕೆ ಹಿಡಿದು ನೋಡುತ್ತ ನಿಲ್ಲುತ್ತಿದ್ದೆ. ಅಪ್ಪ ಗೋಣಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತಂದದ್ದು ಕಣ್ಮುಂದೆ ಬರುತ್ತಿತ್ತು. ಎಷ್ಟೋ ಸಲ ಕಲ್ಲು ತೆಗೆದು ಆ ಗಾಜಿಗೆ ಬೀಸಿಬಿಡಬೇಕು ಅನ್ನಿಸಿದೆ. ಒಡೆದರೂ ನನ್ನದೇ ಒಡೆಯುತ್ತದಲ್ಲ ಎಂದು ಕೈ ತಡೆಯುತ್ತಿತ್ತು.

ಇದು ಒಂದು ಬೇಸಿಗೆ, ಒಂದು ಮಳೆಗಾಲ ನಡೆಯಿತು. ಆಮೇಲೆ ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ನನ್ನ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಆಕೆ. ಗೋಡೆ ಎದ್ದ ಮೇಲೆ ನಮ್ಮ ಕಡೆ ಕಾಲಿಟ್ಟವಳಲ್ಲ. ನಾನು ಬಾ ಅನ್ನಲಿಲ್ಲ. ಆಕೆ ಒಳಗೆ ಬರಲೂ ಇಲ್ಲ. ಕೈಯಲ್ಲಿ ಒಂದು ರೊಟ್ಟಿ ಇತ್ತು. ಅದರ ಒಂದು ಮಗ್ಗುಲು ಕಪ್ಪಗೆ ಸೀದಿತ್ತು.

"ನಿನ್ನ ಬ್ಯಾಟ್ರಿ ಇನ್ನಾ ಜೀವ ಇಟಗೊಂಡೈತೇನು?" ಎಂದು ಕೇಳಿದಳು.

ಐತಿ ಅಂದೆ.

"ಲಿಂಗಸುಗೂರಿನ ಖಾನಾವಳಿಗೆ ಕಡಕ್ ರೊಟ್ಟಿ ಕೊಡಾಕ ಹಿಡದೀನಿ. ಮೊದಲನೇ ಬಸ್ಸಿಗೆ ಹೋಗಬೇಕು. ನಸುಕಿನ್ಯಾಗ ಹಂಚಿನ ಮ್ಯಾಲೆ ಸುಟ್ಟದ್ದು ಕಾಣವಲ್ದು. ಇಂಥಾವ ಕಳಸಬ್ಯಾಡ ಅಂತ ವಾಪಸ್ ಕಳಿಸ್ಯಾರ." ಆ ರೊಟ್ಟಿಯನ್ನು ಅಲ್ಲೇ ಮುರಿದು ನಾಯಿಗೆ ಎಸೆದಳು. "ತಗಡು ನನ್ನ ಕಡೆ ಐತಿ, ಬ್ಯಾಟ್ರಿ ನಿನ್ನ ಕಡೆ. ವಾಯರು ಹಾಕ್ಸೂಣು. ಸಂಜಿ ನಿಂದು, ನಸುಕು ನಂದು."

"ಟೀವಿ?"

"ಬಂದ್. ಅವರಿಗೆ ನಾ ಹೇಳೀನಿ."

"ಕೌದಿ?"

ಆಕೆ ಬೇವಿನ ಗಿಡದ ಕಡೆ ನೋಡಿದಳು. "ಹಾಕಂಗಿಲ್ಲ," ಅಂದಳು. ಹೊರಟವಳು ಮತ್ತೆ ತಿರುಗಿದಳು. "ಒಂದು ತಿಳಕೋ. ಇದರಿಂದ ನಾವು ಒಂದಾದಂಗಲ್ಲ. ನಿನ್ನ ಜೋಡಿ ನನಗ ಮಾತು ಬೇಕಾಗಿಲ್ಲ."

"ನನಗೂ ಬೇಕಾಗಿಲ್ಲ ಯಕ್ಕಾ," ಅಂದೆ. ಯಕ್ಕಾ ಎಂಬುದು ಹಳೆಯ ರೂಢಿಯಿಂದ ಬಾಯಿಗೆ ಬಂತು. ಅದು ಆಕೆಗೆ ನನ್ನ ಬೈಗುಳಕ್ಕಿಂತ ಹೆಚ್ಚು ಚುಚ್ಚಿದಂತೆ ಕಂಡಿತು. ಸರ್ರನೆ ಹೊರಟುಹೋದಳು.

ಲಿಂಗಸುಗೂರಿನಿಂದ ಒಬ್ಬ ವೈರ್‌ಮನ್ ಬಂದು ಕತ್ತರಿಸಿದ್ದನ್ನು ಜೋಡಿಸಿದ. ನಡುಗೋಡೆಗೆ ತೊಲೆಯ ಕೆಳಗೆ ಒಂದು ತೂತು ಕೊರೆದು ಆಕೆಯ ಒಲೆಯ ಮೇಲೆ ಇನ್ನೊಂದು ಸಣ್ಣ ಟ್ಯೂಬು ಕಟ್ಟಿದ. ಎರಡು ಮನೆಯವರೂ ತನಗೆ ಬೇರೆ ಬೇರೆಯಾಗಿ ಚಹಾ ಕೊಟ್ಟು, ಒಬ್ಬರನ್ನೊಬ್ಬರು ತನ್ನ ಮೂಲಕ ಕೇಳುವುದನ್ನು ನೋಡಿ ಅವನಿಗೆ ಗಲಿಬಿಲಿಯಾಯಿತು. ಆ ರಾತ್ರಿಯಿಂದ ಕರಾರು ಜಾರಿಗೆ ಬಂತು. ಸಂಜೆ ನಾನು ಹೊಲಿದು ಮುಗಿಸಿ ಆರಿಸುತ್ತಿದ್ದೆ. ಕೋಳಿ ಕೂಗುವ ಮೊದಲು ಗೋಡೆಯಾಚೆ ಸ್ವಿಚ್ಚಿನ ಸದ್ದು, ಆಮೇಲೆ ರೊಟ್ಟಿ ತಟ್ಟುವ ಸದ್ದು. ತೂತಿನ ಸಂದಿಯಿಂದ ಒಂದು ಬೆರಳಷ್ಟು ಬೆಳಕು ನನ್ನ ಹಾಸಿಗೆಯ ಮೇಲೆ ಬೀಳುತ್ತಿತ್ತು. ನಾನು ಮುಸುಕು ಎಳೆದುಕೊಳ್ಳುತ್ತಿದ್ದೆ.

ಕರಾರು ಗಟ್ಟಿಯಾಗಿ ನಿಂತಿತು ಅಂದರೆ ಜಗಳ ನಿಂತಿತು ಅಂತಲ್ಲ. ಶ್ರಾವಣದ ಮೋಡ ಕವಿದ ದಿನಗಳಲ್ಲಿ ಬ್ಯಾಟರಿ ಅರ್ಧವೂ ತುಂಬುತ್ತಿರಲಿಲ್ಲ. ನನ್ನ ಸಂಜೆಗೇ ಸಾಲದು, ಆಕೆಯ ನಸುಕಿಗೆ ಏನೂ ಉಳಿಯದು. ಆಗ ಆಕೆ ಗೋಡೆಯ ಕಡೆ ಮುಖ ಮಾಡಿ ಗೋಡೆಗೇ ಬೈಯುತ್ತಿದ್ದಳು. ಮಂದಿ ಪಾಲು ತಿಂದವರ ಕೈಗೆ ಹುಳ ಬೀಳಲಿ ಎನ್ನುತ್ತಿದ್ದಳು. ನಾನು ಈ ಕಡೆಯಿಂದ ದನಕ್ಕೆ ಬೈಯುವ ಹಾಗೆ ಮಾಡಿ ಉತ್ತರ ಕೊಡುತ್ತಿದ್ದೆ. ಬ್ಯಾಟರಿಗೆ ನೀರು ಹಾಕುವುದು ನನ್ನ ಕೆಲಸ, ತಗಡಿನ ಧೂಳು ಒರೆಸುವುದು ಆಕೆಯ ಕೆಲಸ. ಇಬ್ಬರೂ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಆಕೆ ಸೆರಗಿನಿಂದ ಆ ಗಾಜನ್ನು ತಿಕ್ಕುವುದು ಕೆಳಗಿನಿಂದ ಕಾಣುತ್ತಿತ್ತು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಬೆನ್ನು ತಿರುಗಿಸುತ್ತಿದ್ದಳು.

ಹೀಗೆ ವರ್ಷಗಳು ಹೋದವು. ನನ್ನ ಹೊಲಿಗೆ ಬೆಳೆಯಿತು, ಆಕೆಯ ರೊಟ್ಟಿ ಮಸ್ಕಿಯ ತನಕ ಹೋಗತೊಡಗಿತು. ನನ್ನ ಅಪ್ಪ ತೀರಿಕೊಂಡಾಗ ಗಂಡ ಮತ್ತು ನಾನು ದಢೇಸುಗೂರಿನ ಕಡೆ ಹೋಗಿ ದಿನಕರ್ಮ ಮುಗಿಸಿಕೊಂಡು ಬಂದೆವು. ಅಷ್ಟೂ ದಿನ ನನ್ನ ಪಾಲಿನ ಸಂಜೆ ಪೂರ್ತಿ ಖಾಲಿ ಇತ್ತಲ್ಲ, ಆಕೆ ಟೀವಿ ಹಚ್ಚಲು ಬಿಟ್ಟಿರಬೇಕು ಎಂದುಕೊಂಡಿದ್ದೆ. ಪಕ್ಕದ ಮನೆಯವಳನ್ನು ಕೇಳಿದರೆ, ಇಲ್ಲ, ಸಂಜೆ ಅವರು ಚಿಮಣಿ ಬೆಳಕಿನಲ್ಲೇ ಉಂಡರು ಅಂದಳು. ಯಾಕೆಂದು ನಾನು ಆಕೆಯನ್ನು ಕೇಳಲಿಲ್ಲ. ಸಾವಿನ ಮನೆಗೆ ಆಕೆ ಬಂದಿರಲಿಲ್ಲ. ಬರಲಿಲ್ಲ ಎಂಬುದನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಬಗಳು ಕೊನೆಗೂ ದೊಡ್ಡಿಗೆ ಬಂದವು. ಕರೆಂಟು ಸಂಜೆಯಾದರೆ ಹೋಗುತ್ತಿತ್ತು, ಆದ್ದರಿಂದ ಗೋಡೆಯ ವಾಯರನ್ನು ಯಾರೂ ಕೀಳಲಿಲ್ಲ. ಅದೇ ವರ್ಷ ಆಕೆಯ ಅಪ್ಪನಿಗೆ ಕೈಕಾಲು ಬಿದ್ದು, ಅಂಗಡಿ ನೋಡಿಕೊಳ್ಳಲು ಗಂಡುಮಕ್ಕಳಿಲ್ಲ ಎಂದು ಭಾವನವರು ಮನೆ ಎತ್ತಿ ಮಸ್ಕಿಗೆ ಹೊರಟರು. ಹೊಲವನ್ನು ಬೇರೆಯವರಿಗೆ ಪಾಲಿಗೆ ಹಾಕಿದರು. ಅತ್ತೆ ಮಾತ್ರ ಪೇಟೆಯ ನೀರು ತನಗೆ ಒಗ್ಗುವುದಿಲ್ಲ ಎಂದು ದೊಡ್ಡಿ ಬಿಟ್ಟು ಏಳಲಿಲ್ಲ.

ಹೊರಡುವ ದಿನ ಟ್ರ್ಯಾಕ್ಟರಿನಲ್ಲಿ ಮಂಚ, ಕಾಳಿನ ಡಬ್ಬಿ, ರೊಟ್ಟಿಯ ಹಂಚುಗಳು ಏರಿದವು. ಕೊನೆಗೆ ನೆಗೆಣ್ಣಿ ತಾನೇ ಮಾಳಿಗೆ ಹತ್ತಿ, ತಗಡಿನ ನಟ್ಟುಗಳನ್ನು ಬಿಚ್ಚಿ, ಕೌದಿಯಲ್ಲಿ ಸುತ್ತಿ ಇಳಿಸಿಕೊಂಡು ಬಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಆಕೆ ನನ್ನನ್ನು ನೋಡಿಯೇ ಅದನ್ನು ಟ್ರ್ಯಾಕ್ಟರಿಗೆ ಇಟ್ಟಳು. ಕೇಳು, ನಿನ್ನದದು ಎಂದು ನನ್ನ ಗಂಡ ಮೆಲ್ಲಗೆ ಅಂದರು. ನಾನು ಅಲ್ಲಾಡಲಿಲ್ಲ. ಟ್ರ್ಯಾಕ್ಟರು ಹೊಲದ ದಾರಿ ಹಿಡಿದು ಹೋಯಿತು.

ಸಂಜೆ ಅತ್ತೆ ತಮ್ಮ ಹಾಸಿಗೆ, ವಿಭೂತಿಯ ಡಬ್ಬಿ ಹಿಡಿದು ನಮ್ಮ ಕಡೆ ಬಂದು ಮಷಿನ್ನಿನ ಪಕ್ಕ ಕೂತರು. ಅಪ್ಪನ ಮುಂದೆ ಆಡಿದ ಮಾತಿನ ನೆನಪು ಅವರಿಗೆ ಇತ್ತೋ ಇಲ್ಲವೋ, ನನಗಿತ್ತು. ಕರೆಂಟು ಹೋಗಿ ಆರಿದ್ದ ಬಲ್ಬಿನ ಕಡೆ ನೋಡಿದರು.

"ಆಕಿ ತಗಡು ಒಯ್ದಾಳಲ್ಲ, ನೀ ಯಾಕ ಬಾಯಿ ಮುಚಗೊಂಡು ನಿಂತಿ?" ಎಂದು ಕೇಳಿದರು.

"ಕೇಳಿದ್ರ ಆಕಿ ಜೋಡಿ ಮಾತಾಡಬೇಕಾಗ್ತಿತ್ತಲ್ರೀ ಅತ್ತೀ," ಅಂದೆ.

ಅತ್ತೆ ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. ಹೊಟ್ಟೆ ಹಸಿದೈತಿ, ರೊಟ್ಟಿ ಹಾಕು ಅಂದರು. ನಾನು ಎದ್ದು ಬುಟ್ಟಿ ತಂದೆ.